ಬೀಗರನ್ನೇ ಫೇಲ್ ಮಾಡಿದ ಹಗೂರಮ್ಮ

ಆಕೆಯ ಸುದ್ದಿ ನನ್ನ ಕಿವಿಗೆ ಬಿದ್ದದ್ದು ಒಂದೇ ಸಂಜೆ ಎರಡು ಸಲ, ಎರಡು ಬಾಯಿಂದ.

ಮೊದಲನೆಯದು ನಮ್ಮೆಜಮಾನರ ಬಾಯಿಂದ. ಲಾರಿ ಶೆಡ್ಡಿನಿಂದ ಬಂದವರೇ ಚಪ್ಪಲಿ ಬಿಡುವುದಕ್ಕೂ ಮುಂಚೆ ಊಟದ ಡಬ್ಬಿಯನ್ನು ಮೇಜಿನ ಮೇಲೆ ಕುಕ್ಕಿದರು. ಮುಚ್ಚಳ ಹಾರಿಹೋಗಿ ಸ್ಟೂಲಿನ ಕೆಳಗೆ ಸೇರಿಕೊಂಡಿತು.

"ಕೇಳಿದ್ಯಾ? ನನಗೆ ಲಾರಿ ಓಡಿಸೋದು ಹೇಳಿಕೊಡ್ತಾರಂತೆ. ಯಾರೋ ಒಬ್ಬ ಮೇಡಂ ಬರ್ತಾಳಂತೆ. ಡೀಸೆಲ್ ಉಳಿಸಿ ಓಡಿಸೋದು ಹೇಗೆ ಅಂತ ಪಾಠ. ಪಾಸಾದವರಿಗೆ ಹೊಸ ಲಾರಿ, ದೂರದ ಟ್ರಿಪ್ಪು. ಫೇಲಾದವರಿಗೆ ಊರೊಳಗೆ ಸುತ್ತೋಕೆ ಹಳೇ ಡಬ್ಬ."

"ಬರಲಿ ಬಿಡಿ. ಕೂತು ಕೇಳಿದ್ರೆ ಏನು ಹೋಗುತ್ತೆ ನಿಮ್ದು?"

"ಮಾನ," ಅಂದರು.

ಎರಡನೆಯದು ಮಗಳ ಬಾಯಿಂದ. ಅವಳು ಆಗ ಲಾರಿಗಳನ್ನು ಲೋಡಿನ ಸಮೇತ ತೂಗುತ್ತಾರಲ್ಲ, ಆ ತೂಕದ ಕಟ್ಟೆಯಲ್ಲಿ ಚೀಟಿ ಕೊಡುವ ಕೆಲಸಕ್ಕಿದ್ದಳು. ಅಲ್ಲಿಗೆ ಯಂತ್ರ ರಿಪೇರಿಗೆ ಬರುವ ಹುಡುಗನ ಮೇಲೆ ಅವಳಿಗೆ ಮನಸ್ಸಿತ್ತು. ನನಗೆ ಪೂರ್ತಿ ಗೊತ್ತಿತ್ತು, ಅವರಪ್ಪನಿಗೆ ಅರ್ಧ ಗೊತ್ತಿತ್ತು. ಎಷ್ಟೇ ಹಳೇ ಯಂತ್ರವಾದರೂ ಅಷ್ಟೊಂದು ಸಲ ಕೆಡುವುದಿಲ್ಲ.

ಅವಳು ತಟ್ಟೆ ಒರೆಸುತ್ತ, "ಅಮ್ಮಾ, ಹುಡುಗನ ತಾಯಿ ಏನು ಕೆಲಸ ಮಾಡ್ತಾರೆ ಅಂತ ಕೇಳಿದ್ಯಲ್ಲ. ಡ್ರೈವರ್‌ಗಳಿಗೆ ಪಾಠ ಮಾಡ್ತಾರೆ. ಲಾರಿ ಡ್ರೈವರ್‌ಗಳಿಗೆ. ನಾಳಿದ್ದಿಂದ ಅಪ್ಪನ ಶೆಡ್ಡಿಗೇ ಬರ್ತಾರಂತೆ" ಅಂದಳು.

ಬಚ್ಚಲಲ್ಲಿ ನಲ್ಲಿ ನೀರು ಸುರಿಯುತ್ತಿದ್ದದ್ದು ಥಟ್ಟನೆ ನಿಂತಿತು. ನನ್ನ ಎದೆಯೂ ಹೆಚ್ಚುಕಮ್ಮಿ ಹಾಗೇ ಆಯಿತು. ನಮ್ಮೆಜಮಾನರು ಟವೆಲ್ಲಿನಲ್ಲಿ ಮುಖ ಒರೆಸಿಕೊಳ್ಳುತ್ತ ಹೊರಗೆ ಬಂದರು. ನೋಡಿದರೆ ನಗುತ್ತಿದ್ದಾರೆ.

"ಹಾಗಾದ್ರೆ ನಾನು ಪಾಸೇ ಪಾಸು. ಬೀಗರಾಗೋರನ್ನ ಯಾರಾದ್ರೂ ಫೇಲ್ ಮಾಡ್ತಾರಾ?"

ಮಗಳು ತಟ್ಟೆ ಕೆಳಗಿಟ್ಟಳು. "ಅಂದ್ರೆ ನೀನು ಒಪ್ಪಿದ ಹಾಗೇನಾ ಅಪ್ಪಾ?"

"ಮೊದಲು ಆ ಮೇಡಂ ನನ್ನನ್ನ ಒಪ್ಪಲಿ. ಆಮೇಲೆ ನಾನು ಆಕೆ ಮಗನನ್ನ ಒಪ್ತೀನಿ."

ತಮಾಷೆಗೆ ಅಂದ ಮಾತು. ಆದರೆ ನಮ್ಮೆಜಮಾನರು ಒಂದು ಸಲ ತಮಾಷೆಗೆ ಅಂದದ್ದನ್ನೂ ಹಠಕ್ಕೆ ಕೂತು ನಡೆಸುವ ಜಾತಿ. ಮಗಳ ಮದುವೆ ಹೋಗಿ ಲಾರಿ ಪರೀಕ್ಷೆಗೆ ಗಂಟು ಬಿತ್ತು.

ಶೆಡ್ಡಿನ ಮೂಲೆಯಲ್ಲಿ ತಗಡಿನ ಮಾಡು ಹಾಕಿದ ಕ್ಯಾಂಟೀನಿತ್ತು. ಅಲ್ಲಿ ಚಹಾ ಕಾಸುವುದು, ಬನ್ನು ಕೊಡುವುದು, ಯಾರು ಯಾರ ಮೇಲೆ ಮುನಿಸಿಕೊಂಡಿದ್ದಾರೆ ಎಂದು ನೆನಪಿಟ್ಟುಕೊಳ್ಳುವುದು, ಈ ಮೂರೂ ನನ್ನ ಕೆಲಸ. ಆಕೆ ಬಂದ ದಿನ ಡ್ರೈವರ್‌ಗಳೆಲ್ಲ ತಲೆ ಬಾಚಿಕೊಂಡು, ಗೇಟಿನ ಕಡೆ ಮುಖ ಮಾಡಿ ನಿಂತಿದ್ದರು. ಕಾರು ಬರುತ್ತದೆ, ಕಾರಿನಿಂದ ಮೇಡಂ ಇಳಿಯುತ್ತಾಳೆ ಅಂತ. ಬಸ್ ಸ್ಟಾಪಿನಿಂದ ನಡೆದುಕೊಂಡೇ ಬಂದ ಒಬ್ಬ ಗಿಡ್ಡ ಹೆಂಗಸು ಅವರ ನಡುವೆಯೇ ನುಸುಳಿ ನನ್ನ ಹತ್ತಿರ ಬಂದು ಚಹಾ ಕೇಳಿದಳು. ಕನ್ನಡಕಕ್ಕೆ ದಾರ ಕಟ್ಟಿ ಕುತ್ತಿಗೆಗೆ ಹಾಕಿಕೊಂಡಿದ್ದಳು. ಕಾಲಲ್ಲಿ ಬಟ್ಟೆ ಶೂ, ಅಟ್ಟೆ ಇದೆಯೋ ಇಲ್ಲವೋ ಅನ್ನುವಷ್ಟು ತೆಳ್ಳಗೆ.

ನಮ್ಮ ಶೆಡ್ಡಿನಲ್ಲಿ ಗುಡಾಣ ಅಂತ ಕರೆಯುತ್ತಿದ್ದ ದಪ್ಪ ಡ್ರೈವರ್ ಒಬ್ಬನಿದ್ದ. ಅವನು ಆಕೆಯನ್ನೇ ಕೇಳಿದ: "ಅಮ್ಮಾ, ಆ ಪಾಠದ ಮೇಡಂ ಬರೋದು ಎಷ್ಟು ಹೊತ್ತಾಗುತ್ತೋ?"

"ಬಂದಿದ್ದಾಳಪ್ಪ. ಚಹಾ ಬಿಸಿ ಇದೆ, ಆರಿಸ್ತಿದ್ದಾಳೆ."

ಗುಡಾಣನ ಮುಖ ನೋಡಬೇಕಿತ್ತು.

ಲೋಟ ವಾಪಸ್ ಕೊಡುವಾಗ ಆಕೆ ನನ್ನ ಕಡೆ ಬಾಗಿ ಮೆಲ್ಲಗೆ ಅಂದರು: "ನೀವು ಯಾರು ಅಂತ ನನ್ನ ಮಗ ಹೇಳಿದ್ದಾನೆ ಅಕ್ಕಾ. ನಿಮ್ಮ ಮಗಳು ಅಂದ್ರೆ ಅವನಿಗೆ ಪ್ರಾಣ. ಹುಡುಗಿಯನ್ನ ನಾನೂ ನೋಡಿದ್ದೀನಿ, ಬಹಳ ಇಷ್ಟ ಆಯ್ತು. ಆದ್ರೆ ಆ ಮಾತು ಪಾಠ ಮುಗಿದ ಮೇಲೆ. ಎರಡನ್ನೂ ಬೆರೆಸಬಾರದು."

ನಾನು ಹೂಂ ಅಂದೆ. ಬೆರೆಸುವವರು ಆಗಲೇ ಮನೆಯಲ್ಲಿ ಬೆರೆಸಿ ಇಟ್ಟಿದ್ದರು, ಅದನ್ನು ಹೇಗೆ ಹೇಳಲಿ?

ಪಾಠ ನಡೆಯುತ್ತಿದ್ದದ್ದು ಶೆಡ್ಡಿನೊಳಗೆ, ಹಳೇ ಲಾರಿಗಳಿಂದ ಬಿಚ್ಚಿಟ್ಟ ಸೀಟುಗಳ ಮೇಲೆ. ಆಕೆ ಮೊದಲ ದಿನ ಲಾರಿ ಹತ್ತಲೇ ಇಲ್ಲ. ಸುತ್ತ ನಡೆದರು, ಟೈರಿನ ಗಾಳಿ ನೋಡಿದರು, ಲೋಡಿನ ಮೇಲೆ ಹೊದಿಸಿದ ಟಾರ್ಪಾಲಿನ ಸಡಿಲ ಅಂಚನ್ನು ಹಿಡಿದು ಪಟಪಟ ಬಡಿದರು. "ಇದು ಹೀಗೆ ಗಾಳಿಗೆ ಬಡೀತಾ ಇರುತ್ತಲ್ಲ, ಇದಕ್ಕೂ ನೀವು ಡೀಸೆಲ್ ಕುಡಿಸ್ತಿದ್ದೀರಿ. ಹಗ್ಗ ಬಿಗಿದು ಕಟ್ಟಿ."

ಎರಡನೇ ದಿನದಿಂದ ಒಬ್ಬೊಬ್ಬರನ್ನೇ ಕೂರಿಸಿಕೊಂಡು ರೌಂಡು. ಒಂದು ಸಲ ಅವರವರ ಇಷ್ಟದಂತೆ, ಇನ್ನೊಂದು ಸಲ ಆಕೆ ಹೇಳಿದಂತೆ. ಮುಂದೆ ದೂರ ನೋಡಿ, ಕೆಂಪು ದೀಪ ಕಂಡ ಕೂಡಲೇ ಕಾಲು ತೆಗೆಯಿರಿ. ಅಲ್ಲಿಯವರೆಗೂ ಒತ್ತಿಕೊಂಡು ಹೋಗಿ ಬ್ರೇಕ್ ತುಳಿದರೆ, ಅಷ್ಟು ಹೊತ್ತು ಸುಟ್ಟ ಡೀಸೆಲ್ಲನ್ನು ರಸ್ತೆಗೆ ಚೆಲ್ಲಿದ ಹಾಗೆ. ಏರಿನಲ್ಲಿ ಇಂಜಿನ್ ಅರಚುವವರೆಗೂ ಕಾಯಬೇಡಿ. ಹೊರಡುವಾಗ ಹಗೂರ. ಗೇರು ಹಗೂರ. ಎಲ್ಲ ಹಗೂರ. ಮೂರನೇ ದಿನಕ್ಕೆ ಶೆಡ್ಡಿನವರು ಆಕೆಗೆ ಹಗೂರಮ್ಮ ಅಂತ ಹೆಸರಿಟ್ಟಾಗಿತ್ತು.

"ಹಿಂಗೇ ಓಡಿಸಿದ್ರೆ ನಾವು ತಲುಪೋ ಹೊತ್ತಿಗೆ ಲೋಡಿನ ಟೊಮೇಟೊ ಅಲ್ಲೇ ಗಿಡ ಆಗಿರುತ್ತೆ ಮೇಡಂ," ಅಂದ ಗುಡಾಣ.

"ಆಗಲಿ. ಇಳಿಸೋವಾಗ ಒಂದಕ್ಕೆ ಹತ್ತಾಗುತ್ತೆ, ಸಾವ್ಕಾರರು ಖುಷಿಪಡ್ತಾರೆ," ಅಂದರು ಆಕೆ. ಆಮೇಲೆ ಅವನ ಎರಡೂ ರೌಂಡು ಮುಗಿದಾಗ ನೋಡಿದರೆ, ಒತ್ತಿ ಓಡಿಸಿದ್ದಕ್ಕೂ ಹಗೂರ ಓಡಿಸಿದ್ದಕ್ಕೂ ಹೊತ್ತಿನಲ್ಲಿ ವ್ಯತ್ಯಾಸವೇ ಇರಲಿಲ್ಲ. ಒತ್ತಿ ಓಡಿಸಿದಾಗ ಪ್ರತಿ ಸಿಗ್ನಲ್ಲಿಗೂ ಬೇಗ ಹೋಗಿ ಕಾದದ್ದೇ ಆಯಿತು. ಗುಡಾಣ ತಲೆ ಕೆರೆದುಕೊಂಡು ಬಂದು ನನ್ನ ಹತ್ತಿರ ಎರಡು ಬನ್ನು ತಿಂದ.

ಮಧ್ಯಾಹ್ನ ಆಕೆ ಕ್ಯಾಂಟೀನಿನಲ್ಲೇ ಡಬ್ಬಿ ಬಿಚ್ಚುತ್ತಿದ್ದರು. ಇಷ್ಟು ನಾಜೂಕು ಎಲ್ಲಿ ಕಲಿತಿರಿ ಅಂತ ಒಂದು ದಿನ ಕೇಳಿದೆ.

"ನನ್ನ ಗಂಡನಿಂದ ಅಕ್ಕಾ. ಹಾಲಿನ ಲಾರಿ ಅವರದ್ದು. ಬೆನ್ನಿನ ಮೂಳೆ ಸವೆದುಹೋಯ್ತು, ಕೂರೋಕಾಗಲ್ಲ. ಲಾರಿ ನಿಂತ್ರೆ ಮನೆ ನಿಲ್ಲುತ್ತೆ. ನಾನು ಕೂತೆ ಸ್ಟೇರಿಂಗ್ ಮುಂದೆ. ಅವರು ಹಿಂದಿನ ಹಲಗೆ ಮೇಲೆ ಮಲಗಿ ದಾರಿ ಹೇಳೋರು. ನಾನು ಬ್ರೇಕ್ ಒದ್ದರೆ, ಕ್ಲಚ್ ಜೋರಾಗಿ ಬಿಟ್ರೆ ಅವರಿಗೆ ಜೀವ ಹೋಗೋದು. 'ಹಗೂರ ಕಣೇ, ಹಗೂರ' ಅನ್ನೋರು. ಅವರಿಗೆ ನೋವಾಗದ ಹಾಗೆ ಓಡಿಸೋದು ಕಲಿತೆ, ಅಷ್ಟೇ. ಟ್ಯಾಂಕಿನಲ್ಲಿ ಡೀಸೆಲ್ ಮಿಗ್ತಿದೆ ಅಂತ ಗೊತ್ತಾಗಿದ್ದು ಎಷ್ಟೋ ದಿನ ಆದ ಮೇಲೆ."

ಗಂಡ ಹೋದ ಮೇಲೂ ಮಗನನ್ನು ಓದಿಸಿದ್ದು ಅದೇ ಲಾರಿಯಿಂದ. ಆಮೇಲೆ ಲಾರಿ ಮಾರುವ ಕಂಪನಿಯೊಂದರವರು ಆಕೆ ಓಡಿಸುವುದನ್ನು ನೋಡಿ ಪಾಠಕ್ಕೆ ಕರೆದರಂತೆ. ಆ ತೆಳ್ಳನೆ ಶೂ ಯಾಕೆ ಅಂದದ್ದಕ್ಕೆ, "ದಪ್ಪ ಅಟ್ಟೆ ಹಾಕಿದ್ರೆ ಕಾಲಿಗೆ ಕಿವುಡು ಬರುತ್ತೆ" ಅಂದರು.

ನಮ್ಮೆಜಮಾನರು ಹಿಂದಿನ ಸೀಟಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿರುತ್ತಿದ್ದರು. ಒಂದು ದಿನ ಎಲ್ಲರ ಮುಂದೆ "ಬೀಗಿತ್ತಿಯವರೇ" ಅಂದುಬಿಟ್ಟರು. ಡ್ರೈವರ್‌ಗಳು ಕಿಸಕ್ಕನೆ ನಕ್ಕರು. ಆಕೆ ಕನ್ನಡಕ ಏರಿಸಿ ನೋಡಿ, "ಶೆಡ್ಡಿನೊಳಗೆ ನಾನು ಮೇಡಂ. ಆಚೆ ಏನಾಗ್ತೀನೋ ಆಮೇಲೆ ನೋಡೋಣ, ಕಾಲು ಇಳಿಸಿ" ಅಂದರು. ಇವರು ಇಳಿಸಿದರು. ಮದುವೆಯಾದಾಗಿನಿಂದ ನಾನು ಹೇಳಿ ಇಳಿಸಲಾಗದ ಕಾಲು ಅದು.

ಸುಳ್ಳು ಹೇಳಬಾರದು, ಕೂತದ್ದಕ್ಕೆ ಕಲಿತರು. ಗೇರು ಹಾಕುವುದು ಬೆಣ್ಣೆ ಕೊಯ್ದ ಹಾಗಿದೆ ಅಂತ ಹಗೂರಮ್ಮನೇ ನನ್ನ ಹತ್ತಿರ ಹೊಗಳಿದರು. ಒಂದು ವಿಷಯ ಮಾತ್ರ ಅವರ ತಲೆಗೆ ಹೋಗಲೇ ಇಲ್ಲ, ಅದೇ ನ್ಯೂಟ್ರಲ್.

ಹಳೇ ಕಾಲದ ಡ್ರೈವರ್‌ಗಳಿಗೆಲ್ಲ ಇದೊಂದು ಹುಚ್ಚು. ಇಳಿಜಾರಿನ ತುದಿಗೆ ಬಂದ ಕೂಡಲೇ ಗೇರು ತಪ್ಪಿಸಿ ಲಾರಿಯನ್ನು ಸುಮ್ಮನೆ ಉರುಳಲು ಬಿಡುವುದು. ಇಂಜಿನ್ನಿಗೆ ಕೆಲಸವಿಲ್ಲ, ಡೀಸೆಲ್ ಮಿಕ್ಕಿತು ಅಂತ ಅವರ ಲೆಕ್ಕ. ನಮ್ಮೆಜಮಾನರಂತೂ ಇಡೀ ಶೆಡ್ಡಿಗೆ ಈ ವಿದ್ಯೆ ಕಲಿಸಿದ ಗುರು. ಹಗೂರಮ್ಮ ಬಿಡಿಸಿ ಬಿಡಿಸಿ ಹೇಳಿದರು: "ಈಗಿನ ಇಂಜಿನ್ನಿನಲ್ಲಿ ಗೇರು ಹಾಗೇ ಬಿಟ್ಟು ಕಾಲು ತೆಗೆದ್ರೆ ಚಕ್ರಗಳೇ ಇಂಜಿನ್ನನ್ನ ತಿರುಗಿಸುತ್ತವೆ, ಡೀಸೆಲ್ ತಾನಾಗೇ ನಿಲ್ಲುತ್ತೆ. ನ್ಯೂಟ್ರಲ್ ಮಾಡಿದ್ರೆ ಇಂಜಿನ್ ಆರದೆ ಇರೋಕೆ ಡೀಸೆಲ್ ಕುಡೀತಾನೇ ಇರಬೇಕು. ಅದು ಸಾಲದು ಅಂತ ಇಡೀ ಲೋಡು ಬ್ರೇಕಿನ ಮೇಲೆ ಬರುತ್ತೆ." ಎಲ್ಲರೂ ತಲೆಯಾಡಿಸಿದರು. ನಮ್ಮೆಜಮಾನರೂ ಆಡಿಸಿದರು, ಮನೆಗೆ ಬಂದು "ಪುಸ್ತಕದ ಮಾತು" ಅಂದರು.

ಪರೀಕ್ಷೆಯ ದಿನ ಇವರು ಲಾರಿಯಿಂದ ಇಳಿದು ಎದೆ ಉಬ್ಬಿಸಿಕೊಂಡು ಕ್ಯಾಂಟೀನಿಗೆ ಬಂದರು. "ಸೇತುವೆ ತನಕ ಒಂದು ಕಡೆ ಬ್ರೇಕ್ ಮುಟ್ಟಿದ್ರೆ ಕೇಳು. ನೀರು ಹರಿದ ಹಾಗೆ ಹೋದೆ. ಸೇತುವೆ ದಾಟಿದ ಮೇಲೆ ಉದ್ದ ಇಳಿಜಾರಿದೆಯಲ್ಲ, ಅಲ್ಲಿ ಮೇಡಂಗೆ ಒಂದು ಉಡುಗೊರೆ ಕೊಟ್ಟೆ. ನ್ಯೂಟ್ರಲ್ ಮಾಡಿ ಕೆಳಗಿನ ತನಕ ಬಿಟ್ಟೆ ನೋಡು, ತೊಟ್ಟಿಲು ತೂಗಿದ ಹಾಗೆ. ಆಕೆ ಮಾತೇ ಆಡಲಿಲ್ಲ. ಬೆರಗಾಗಿಬಿಟ್ಟಳು."

ನಾನು ಕೈಲಿದ್ದ ಸೌಟು ಹಾಗೇ ಹಿಡಿದು ನಿಂತೆ. ಆಕೆ ಮಾತಾಡದೆ ಇದ್ದದ್ದು ಯಾಕೆ ಅಂತ ಚಹಾ ಕಾಸುವ ನನಗೆ ಗೊತ್ತಾಯಿತು, ಇವರಿಗೆ ಗೊತ್ತಾಗಲಿಲ್ಲ.

ಸಂಜೆ ಶೆಡ್ಡಿನ ಮ್ಯಾನೇಜರು ಪಾಸಾದವರ ಹೆಸರು ಓದಿದರು. ಗುಡಾಣ ಕೂಡ ಪಾಸು. ನಮ್ಮೆಜಮಾನರ ಹೆಸರಿಲ್ಲ. ಎಲ್ಲರೂ ನೆಲ ನೋಡುತ್ತ ನಿಂತರು. ಹಗೂರಮ್ಮ ಮರೆಯಲ್ಲಿ ನಿಲ್ಲಲಿಲ್ಲ. ಎದುರಿಗೇ ಬಂದು, "ನೀವು ಎಲ್ಲರಿಗಿಂತ ಚೆನ್ನಾಗಿ ಓಡಿಸಿದ್ರಿ, ಇಳಿಜಾರಿನ ತನಕ" ಅಂದರು.

ಮನೆಗೆ ಬಂದ ಮೇಲೆ ನಮ್ಮೆಜಮಾನರು ಗೋಡೆಗೆ ಮುಖ ಮಾಡಿ ಕೂತರು. "ಆ ಮನೆಗೆ ಹೆಣ್ಣು ಕೊಡಲ್ಲ. ಮುಗೀತು."

"ಅಪ್ಪಾ, ಫೇಲಾಗಿದ್ದು ನೀನು. ನಾನ್ಯಾಕೆ ಮನೇಲಿ ಕೂರಬೇಕು?" ಅಂದಳು ಮಗಳು.

"ನಿನ್ನ ಅತ್ತೆ ಆಗೋಳು ನಿನ್ನಪ್ಪನ ಮರ್ಯಾದೆ ತೆಗೆದಿದ್ದಾಳೆ."

"ನ್ಯೂಟ್ರಲ್ ಹಾಕಿದ್ದು ಅವರಾ?"

ಇವರು ಗೋಡೆಗೆ ಇನ್ನೂ ಹತ್ತಿರ ಸರಿದರು. ಅವಳು ಊಟ ಬಡಿಸಿದಳು, ಆದರೆ ಅವಳೂ ಉಣ್ಣಲಿಲ್ಲ. ಒಲೆಯ ಹತ್ತಿರ ನಿಂತು ಕಣ್ಣು ಒರೆಸಿಕೊಂಡದ್ದನ್ನು ನಾನು ನೋಡಿದೆ, ನೋಡದವಳ ಹಾಗೆ ಇದ್ದೆ.

ಮರುದಿನ ಮ್ಯಾನೇಜರು ನನ್ನ ಮುಂದೆಯೇ ಹಗೂರಮ್ಮನಿಗೆ ಹೇಳಿದರು: "ಒಂದು ಗೆರೆ ಎಳೆದು ಪಾಸ್ ಅಂದುಬಿಡಿ ಅಮ್ಮಾ. ಒಂದು ಇಳಿಜಾರಿಗೋಸ್ಕರ ನಿಮ್ಮ ಮಗನ ಮದುವೆ ಕೆಡಿಸ್ಕೋತೀರಾ?"

"ಬೀಗರು ಬರ್ತಿದ್ದಾರೆ ಅಂತ ಬ್ರೇಕಿಗೆ ಗೊತ್ತಾಗುತ್ತಾ ಸಾರ್? ಇವತ್ತು ಪಾಸ್ ಮಾಡಿ, ನಾಳೆ ತುಂಬಿದ ಲೋಡಿನಲ್ಲಿ ಬ್ರೇಕ್ ಕಾದು ಹಿಡಿಯದೆ ಹೋದ್ರೆ, ಆ ಹುಡುಗಿಗೆ ನಾನು ಯಾವ ಮುಖ ತೋರಿಸಲಿ?"

ಮ್ಯಾನೇಜರು ಹೋದ ಮೇಲೆ ಆಕೆ ಚಹಾದಲ್ಲಿ ಚಮಚ ತಿರುಗಿಸುತ್ತಲೇ ಇದ್ದರು. ಸಕ್ಕರೆಯನ್ನೇ ಹಾಕಿಕೊಂಡಿರಲಿಲ್ಲ. "ಮಗ ನನ್ನ ಜೊತೆ ಮಾತು ಬಿಟ್ಟಿದ್ದಾನೆ ಅಕ್ಕಾ. ಇರೋನು ಅವನೊಬ್ಬ."

"ನಮ್ಮನೇಲೂ ಅದೇ ಕಥೆ. ನಿಮ್ಮನೇಲಿ ಒಬ್ಬ, ನಮ್ಮನೇಲಿ ಇಬ್ಬರು," ಅಂದೆ. ಆಕೆಗೆ ನಗು ಬಂತು. ನಗುತ್ತಲೇ ಏನೋ ಹೊಳೆದವರ ಹಾಗೆ ಲೋಟ ಕೆಳಗಿಟ್ಟರು.

ಭಾನುವಾರ ಬೆಳಿಗ್ಗೆ ನಮ್ಮ ಬಾಗಿಲು ಬಡಿದರು. ಕೈಯಲ್ಲಿ ಹೊಸ ಲಾರಿಯ ಕೀಲಿ. ನಮ್ಮೆಜಮಾನರು ಬನಿಯನ್ನಿನಲ್ಲೇ ಎದ್ದು ನಿಂತರು.

"ಇವತ್ತು ನೀವು ಮೇಷ್ಟ್ರು," ಅಂದರು ಹಗೂರಮ್ಮ. "ನಾನು ಓಡಿಸ್ತೀನಿ. ನನ್ನ ತಪ್ಪು ಹುಡುಕಿ. ಸಿಕ್ಕಿದ್ರೆ ಇಡೀ ಶೆಡ್ಡಿನ ಮುಂದೆ ಒಪ್ಕೋತೀನಿ."

ತಪ್ಪು ಹುಡುಕಲು ಕರೆದರೆ ನಮ್ಮೆಜಮಾನರು ನಿದ್ದೆಯಿಂದ ಎದ್ದು ಬರುವವರು. ಅಂಗಿ ತೊಟ್ಟರು. "ಲೇ, ನೀನೂ ಬಾ, ಸಾಕ್ಷಿಗೆ" ಅಂದರು. ನಾನು ಹಿಂದಿನ ಮಲಗುವ ಹಲಗೆಯ ಮೇಲೆ ಕೂತೆ. ಇವರು ಕೈಕಟ್ಟಿ ಪಕ್ಕದಲ್ಲಿ. ಹಾರ್ನ್ ಜಾಸ್ತಿಯಾಯಿತು ಅಂದರು. ಕನ್ನಡಿ ಸರಿಯಿಲ್ಲ ಅಂದರು. ಆಕೆ "ಹೌದು ಮೇಷ್ಟ್ರೇ" ಅನ್ನುತ್ತ ಸೇತುವೆ ದಾಟಿದರು.

ಇಳಿಜಾರನ್ನು ಎರಡು ಸಲ ಇಳಿದರು. ಮೊದಲು ಇವರ ಥರ ನ್ಯೂಟ್ರಲ್ಲಿನಲ್ಲಿ, ಓಟ ಮಿತಿಮೀರದ ಹಾಗೆ ಬ್ರೇಕ್ ಒತ್ತುತ್ತ. ಕೆಳಗೆ ನಿಲ್ಲಿಸಿ, "ಇಳಿದು ಚಕ್ರ ಮುಟ್ಟಿ ನೋಡಿ ಮೇಷ್ಟ್ರೇ" ಅಂದರು. ಇವರು ಇಳಿದು ಕೈ ಚಾಚಿದವರು, ಮುಟ್ಟುವ ಮುಂಚೆಯೇ ಥಟ್ಟನೆ ಹಿಂದಕ್ಕೆ ಎಳೆದುಕೊಂಡರು. ಅಷ್ಟು ಬಿಸಿ. ಸುಟ್ಟ ವಾಸನೆ ನನಗೂ ಬಂತು. ಚಕ್ರ ತಣ್ಣಗಾಗುವ ತನಕ ಕಾದು, ಸುತ್ತಿ ಮತ್ತೆ ಮೇಲೆ ಹೋಗಿ, ಈ ಸಲ ಗೇರಿನಲ್ಲೇ ಬಂದರು. ಕಾಲು ಎಕ್ಸಲೇಟರಿನ ಮೇಲಿಲ್ಲ, ಇಂಜಿನ್ ಗುಂಯ್ ಅಂತ ಲಾರಿಯನ್ನು ಹಿಂದಕ್ಕೆ ಜಗ್ಗಿ ಹಿಡಿದ ಹಾಗೆ. ಮುಂದೆ ಆ ಗಳಿಗೆಗೆ ಎಷ್ಟು ಡೀಸೆಲ್ ಸುಡುತ್ತಿದೆ ಅಂತ ತೋರಿಸುವ ಅಂಕಿ ಸೊನ್ನೆಗೆ ಬಂದು ಕೂತಿತು. ಹೋದ ಸಲ ಅದು ಸೊನ್ನೆ ಮುಟ್ಟಿರಲಿಲ್ಲ. ಕೆಳಗೆ ಬಂದ ಮೇಲೆ ಇವರು ತಾವಾಗಿಯೇ ಇಳಿದರು. ಒಂದೊಂದೇ ಚಕ್ರದ ಹತ್ತಿರ ಹೋಗಿ ಅಂಗೈ ಒತ್ತಿ ಒತ್ತಿ ನೋಡಿದರು, ಜ್ವರ ಬಂದ ಮಕ್ಕಳ ಹಣೆ ನೋಡುವ ಹಾಗೆ.

ಹತ್ತಿ ಕೂತು ಬಾಗಿಲು ಎಳೆದುಕೊಂಡರು. ಆಮೇಲೆ, "ಮೀಟರ್ ಸುಳ್ಳು ಹೇಳಬಹುದು" ಅಂದರು. ಅಂಗೈ ನೋಡಿಕೊಂಡು, "ಚಕ್ರ ಹೇಳಲ್ಲ" ಅಂದರು.

ಮರುಪರೀಕ್ಷೆ ಅದೇ ವಾರ. ಈ ಸಲ ಹಠ ಇನ್ನೊಂದು ಕಡೆಗೆ ತಿರುಗಿತ್ತು. "ಬೀಗಿತ್ತಿ ಅಂತ ಸುಮ್ಮನೆ ಪಾಸ್ ಮಾಡಿದ್ಲು ಅಂತ ಯಾರೂ ಅನ್ನಬಾರದು. ನೀನು ಹಿಂದೆ ಕೂತಿರು, ಕಣ್ಣು ಮಿಟುಕಿಸಬೇಡ," ಅಂತ ನನ್ನನ್ನೂ ಹತ್ತಿಸಿದರು. ಶೆಡ್ಡಿನವರೆಲ್ಲ ಗೇಟಿನ ತನಕ ಬಂದರು. ದಾರಿಯಲ್ಲಿ ಸಿಗುವ ತೂಕದ ಕಟ್ಟೆಯ ಕಿಟಕಿಯಲ್ಲಿ ಮಗಳು ನಿಂತಿದ್ದಳು. ಆ ದಿನವೂ ಅಲ್ಲಿ ಯಂತ್ರ ಕೆಟ್ಟಿತ್ತು, ಹುಡುಗನೂ ನಿಂತಿದ್ದ.

ಸೇತುವೆ ಬಂತು, ಇಳಿಜಾರು ಬಂತು. ನನ್ನ ಕಣ್ಣು ಇವರ ಎಡಗೈ ಮೇಲೆಯೇ ಇತ್ತು. ಎಷ್ಟು ವರ್ಷದ ಅಭ್ಯಾಸ, ಕೈ ತಾನಾಗಿ ಎದ್ದು ಗೇರಿನ ಗುಂಡಿನ ಮೇಲೆ ಕೂತಿತು. ಬೆರಳು ಬಿಗಿಯಾದವು. ಆಮೇಲೆ ಒಂದೊಂದೇ ಸಡಿಲವಾದವು. ಕೈಯನ್ನು ಎತ್ತಿ ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು, ಬೇರೆಯವರ ಕೈ ಇಟ್ಟ ಹಾಗೆ. ಇಂಜಿನ್ ಗುಂಯ್ ಅಂತು. ಲಾರಿ ಇಳಿಯಿತು.

ಕೆಳಗೆ ಬಂದ ಮೇಲೆ ಹಗೂರಮ್ಮ ಕನ್ನಡಕ ತೆಗೆದು ಒರೆಸಿದರು, ಮತ್ತೆ ಒರೆಸಿದರು. "ಪಾಸ್," ಅಂದರು. ನಮ್ಮೆಜಮಾನರು ಸ್ಟೇರಿಂಗ್ ಬಿಡದೆ, "ಹಾಗಾದ್ರೆ ನಿಮ್ಮ ಮಗನೂ ಪಾಸ್ ಬೀಗಿತ್ತಿ" ಅಂದರು. ಶೆಡ್ಡಿಗೆ ವಾಪಸ್ ಬರುವ ದಾರಿಯುದ್ದಕ್ಕೂ ಮೂವರೂ ನಕ್ಕದ್ದಕ್ಕೆ ನನಗೆ ಪಕ್ಕೆ ಹಿಡಿದುಕೊಂಡಿತ್ತು.

ಮದುವೆಗೆ ಇಡೀ ಶೆಡ್ಡು ಬಂತು. ಹುಡುಗ ಹುಡುಗಿಯನ್ನು ಹೊಸ ಲಾರಿಯಲ್ಲಿ ಕೂರಿಸಿ ಮನೆಗೆ ಬಿಟ್ಟವರು ನಮ್ಮೆಜಮಾನರೇ. ಎಷ್ಟು ಹಗೂರ ಓಡಿಸಿದರೆಂದರೆ, "ಇವರು ಮನೆ ಸೇರೋ ಹೊತ್ತಿಗೆ ಮೊಮ್ಮಗು ಶಾಲೆಗೆ ಹೋಗ್ತಿರುತ್ತೆ" ಅಂದ ಗುಡಾಣ. ಆಮೇಲಿನ ವರ್ಷಗಳಲ್ಲಿ ಹೊಸ ಡ್ರೈವರ್‌ಗಳು ಯಾರಾದರೂ ಪಾಠದಲ್ಲಿ ಮೂಗು ಮುರಿದರೆ ನಮ್ಮೆಜಮಾನರು ಹೋಗಿ ನಿಲ್ಲುತ್ತಿದ್ದರು. "ಈಯಮ್ಮ ನನ್ನನ್ನೇ ಫೇಲ್ ಮಾಡಿದ್ದಾರೆ. ನೀನ್ಯಾವ ಲೆಕ್ಕ?" ಪಾಸಾದದ್ದಕ್ಕಿಂತ ಫೇಲಾದದ್ದನ್ನೇ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು. ಹಗೂರಮ್ಮ ಆ ಕಡೆಯಿಂದ, "ಬೀಗರೇ, ಕಾಲು ಇಳಿಸಿ" ಅನ್ನುತ್ತಿದ್ದರು.

ನಮ್ಮೆಜಮಾನರು ಹೋದ ಮೇಲೆ ನಾನು ಹೆಚ್ಚು ಹೊತ್ತು ಮಗಳ ಮನೆಯಲ್ಲೇ ಇರುತ್ತಿದ್ದೆ. ಹಗೂರಮ್ಮನಿಗೆ ಕಾಲಿನ ಶಕ್ತಿ ಇಳಿದಿತ್ತು. ಕಿಟಕಿ ಪಕ್ಕದ ಮಂಚದಲ್ಲಿ ಒರಗಿ, ಬೀದಿಯಲ್ಲಿ ಹೋಗುವ ಗಾಡಿಗಳ ಸದ್ದು ಕೇಳಿಯೇ ಯಾವನು ಕ್ಲಚ್ಚಿನ ಮೇಲೆ ಕಾಲಿಟ್ಟುಕೊಂಡಿದ್ದಾನೆ ಅಂತ ಬೈಯುತ್ತಿದ್ದರು. ಒಂದು ಮಧ್ಯಾಹ್ನ, ಮಗಳು ಅಳಿಯ ಇಬ್ಬರೂ ಕೆಲಸಕ್ಕೆ ಹೋಗಿದ್ದಾಗ, ನನ್ನನ್ನು ಹತ್ತಿರ ಕರೆದರು.

"ಬೀಗಿತ್ತಿ, ಒಂದು ಕೇಳ್ತೀನಿ, ನಿಜ ಹೇಳಬೇಕು. ಎರಡನೇ ಸಲದ ಪರೀಕ್ಷೆಯಲ್ಲಿ ಇಳಿಜಾರು ಬಂದಾಗ ನಾನು ಗೇರಿನ ಕಡೆ ನೋಡಲೇ ಇಲ್ಲ. ಮಗನ ಮುಖ ಕಣ್ಣೆದುರಿಗೆ ಬಂತು, ತಿರುಗೋಕೆ ಧೈರ್ಯ ಸಾಲಲಿಲ್ಲ. ಕಿಟಕಿ ಆಚೆ ನೋಡ್ತಾ ಕೂತೆ. ಇಂಜಿನ್ ಸದ್ದು ಕೇಳಿ ಪಾಸ್ ಅಂದೆ. ನನ್ನ ಕಿವಿ ತಪ್ಪಲ್ಲ. ಆದ್ರೆ ಅವತ್ತು ಕಿವಿಗೂ ಆಸೆ ಇತ್ತಲ್ಲ. ನೀವು ಹಿಂದೆ ಕೂತಿದ್ರಿ. ಅವರ ಕೈ ಎಲ್ಲಿತ್ತು?"

"ತೊಡೆ ಮೇಲೆ," ಅಂದೆ. "ಮೊದಲು ಗೇರಿಗೆ ಹೋಯ್ತು. ಬಿಗಿಯಾಗಿ ಹಿಡ್ಕೊಂಡ್ರು. ಆಮೇಲೆ ಒಂದೊಂದೇ ಬೆರಳು ಬಿಟ್ಟು, ಕೈ ತೆಗೆದು ತೊಡೆ ಮೇಲಿಟ್ಕೊಂಡ್ರು. ಕೆಳಗೆ ಬರೋ ತನಕ ಅಲ್ಲಾಡಿಸಲಿಲ್ಲ."

ಆಕೆ ಕಣ್ಣು ಮುಚ್ಚಿದರು. ಮುಖದ ತುಂಬ ನಗು ಹರಡಿತು.

"ಇನ್ನೊಂದ್ಸಲ ಹೇಳಿ," ಅಂದರು. "ಬೆರಳು ಬಿಟ್ರಲ್ಲ, ಅಲ್ಲಿಂದ. ಹಗೂರ."